ಖಾಲಿ ಕೊಡ ತೇಲುತ್ತದೆ: ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸುವ ಮುನ್ನ

ಬಾವಿಗೆ ಇಳಿಬಿಟ್ಟ ಖಾಲಿ ಕೊಡ ಮೊದಲು ತೇಲುತ್ತದೆ. ಹಗ್ಗವನ್ನು ಒಮ್ಮೆ ಜಗ್ಗಿ, ಕೊಡವನ್ನು ಓರೆ ಮಾಡಿ, ಬಾಯೊಳಗೆ ನೀರು ನುಗ್ಗಿದ ಮೇಲೆಯೇ ಅದು ಮುಳುಗುವುದು. ನೀರು ಸೇದಿ ಬೆಳೆದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಬೇಕೆಂದಿರುವವರು ಮೊದಲು ನೆನಪಿಟ್ಟುಕೊಳ್ಳಬೇಕಾದದ್ದೂ ಇದನ್ನೇ.

ಕೊಳ ಕಟ್ಟಿಸುವ ಹೆಚ್ಚಿನವರು ಚಿಂತೆ ಮಾಡುವುದು ತುಂಬಿದ ಕೊಳದ ಬಗ್ಗೆ. ನೀರಿನ ಭಾರಕ್ಕೆ ಗೋಡೆ ಬಿರುಕು ಬಿಟ್ಟರೆ? ತಳ ಕುಸಿದರೆ? ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ನೆಲದೊಳಗೆ ಕೂತ ಕೊಳಕ್ಕೆ ಅತಿ ಕಷ್ಟದ ದಿನ ಬರುವುದು ಅದು ಖಾಲಿಯಾದಾಗ. ಒಳಗೆ ನೀರಿಲ್ಲ, ಹೊರಗೆ ಮಳೆಗೆ ನೆನೆದ ಮಣ್ಣು, ತಳದಡಿ ಏರುತ್ತಿರುವ ಅಂತರ್ಜಲ. ಆಗ ಕಾಂಕ್ರೀಟಿನ ಇಡೀ ತೊಟ್ಟಿ ಒಂದು ಖಾಲಿ ಕೊಡ. ಅದು ಮೇಲೇಳದಂತೆ ನೋಡಿಕೊಳ್ಳುವ ಲೆಕ್ಕ ಕಾಗದದ ಮೇಲೆಯೇ ಮುಗಿದಿರಬೇಕು.

ಒಂದು ಕೊಳ, ಒಂದು ಲೆಕ್ಕ

ಉದಾಹರಣೆಗೆ 8 ಮೀಟರ್ ಉದ್ದ, 4 ಮೀಟರ್ ಅಗಲ, 1.4 ಮೀಟರ್ ಆಳದ ಕೊಳವನ್ನು ತೆಗೆದುಕೊಳ್ಳೋಣ. ಮನೆಮಂದಿ ಈಜಲು ಧಾರಾಳವಾಗಿ ಸಾಕು. ಇದರಲ್ಲಿ ಹಿಡಿಯುವ ನೀರು ಸುಮಾರು 45,000 ಲೀಟರ್, ಅಂದರೆ 45 ಟನ್. ಗೋಡೆ ಮತ್ತು ತಳ ಎರಡೂ 200 ಮಿ.ಮೀ. ದಪ್ಪದ ಆರ್‌ಸಿಸಿ ಎಂದುಕೊಂಡರೆ ಖಾಲಿ ತೊಟ್ಟಿಯ ತೂಕವೇ ಸುಮಾರು 36 ಟನ್. ತುಂಬಿದ ಕೊಳ ಒಟ್ಟು 81 ಟನ್.

ಇಷ್ಟು ಭಾರವನ್ನು ನೆಲ ತಡೆಯುತ್ತದೆಯೇ? ಕೊಳಕ್ಕಾಗಿ ನಾವು ತೋಡಿ ತೆಗೆಯುವ ಮಣ್ಣು ಹತ್ತಿರ ಹತ್ತಿರ 59 ಘನ ಮೀಟರ್. ಘನ ಮೀಟರಿಗೆ 1.8 ಟನ್ನಿನಂತೆ ಅದರ ತೂಕ 100 ಟನ್ನಿಗೂ ಮೇಲೆ. ಹಾಗಾಗಿ ತುಂಬಿದ ಕೊಳ ಆ ಜಾಗದಲ್ಲಿದ್ದ ಮಣ್ಣಿಗಿಂತ ಹಗುರ! ಗಟ್ಟಿ ನೆಲವಾದರೆ ಭಾರ ಹೊರುವುದು ದೊಡ್ಡ ಸಮಸ್ಯೆಯಲ್ಲ. ಇಡೀ ತಳದಡಿ ನೆಲ ಒಂದೇ ಸಮನಾಗಿರಬೇಕು, ಅದು ಮುಖ್ಯ.

ಈಗ ಖಾಲಿ ಕೊಡದ ಲೆಕ್ಕ. ಅಂತರ್ಜಲ ನೆಲಮಟ್ಟದವರೆಗೂ ಏರಿತೆನ್ನಿ. ತೊಟ್ಟಿಯ ಹೊರ ಅಳತೆಯಷ್ಟು ನೀರು ಪಕ್ಕಕ್ಕೆ ಸರಿದಿರುವುದರಿಂದ ಅದನ್ನು ಮೇಲಕ್ಕೆತ್ತುವ ಬಲ 59 ಟನ್. ತೊಟ್ಟಿಯ ತೂಕ 36 ಟನ್ ಮಾತ್ರ. 23 ಟನ್ ಕೊರತೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ನೀರು ನೆಲಮಟ್ಟದಿಂದ ಎರಡಡಿ ಕೆಳಗೆ ಬಂದು ನಿಂತರೂ ಈ ಖಾಲಿ ತೊಟ್ಟಿ ತೇಲುವ ಹಂತ ಮುಟ್ಟುತ್ತದೆ. ಮಣ್ಣಿನ ಹಿಡಿತ ಸ್ವಲ್ಪ ತಡೆದೀತು, ಆದರೆ ಅದನ್ನು ನಂಬಿ ಕೂರುವಂತಿಲ್ಲ. ತೊಟ್ಟಿ ಒಂದು ಮೂಲೆಯಲ್ಲಿ ಎರಡಿಂಚು ಎದ್ದರೂ ಪೈಪುಗಳು ಮುರಿಯುತ್ತವೆ, ತಳ ಸೀಳುತ್ತದೆ. ಎದ್ದ ತೊಟ್ಟಿ ಮತ್ತೆ ತನ್ನ ಜಾಗಕ್ಕೆ ಸರಿಯಾಗಿ ಕೂರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಅಡಿಗೆ ಕೆಸರು ಸೇರಿರುತ್ತದೆ.

ನಮ್ಮ ಊರುಗಳ ಹಳೆಯ ಕಲ್ಯಾಣಿಗಳಿಗೆ ಈ ಭಯವಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಯುವ ಕಲ್ಲಿನ ಬದಿ ಮಣ್ಣಿನ ಒತ್ತಡವನ್ನು ಹಂತ ಹಂತವಾಗಿ ಹಂಚಿಕೊಳ್ಳುತ್ತದೆ. ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದಿನಲ್ಲಿ ಹೊರಗಿನ ನೀರು ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಎರಡೂ ಕಡೆ ನೀರಿನ ಮಟ್ಟ ಒಂದೇ ಆದ ಮೇಲೆ ಎತ್ತುವ ಬಲ ಎಲ್ಲಿಂದ ಬರಬೇಕು? ಇಂದಿನ ಈಜುಕೊಳ ಒಂದು ಹನಿಯನ್ನೂ ಬಿಡದ ಪೆಟ್ಟಿಗೆ. ಅದಕ್ಕೇ ಈ ಲೆಕ್ಕ ಅದರ ಪಾಲಿಗೆ ಬಂದಿದೆ.

ತೇಲದಂತೆ ತಡೆಯಲು ನಾಲ್ಕು ದಾರಿಗಳಿವೆ. ಒಂದು, ತಳವನ್ನು ಇನ್ನಷ್ಟು ದಪ್ಪ ಮಾಡಿ ತೂಕ ಹೆಚ್ಚಿಸುವುದು. ಎರಡು, ತಳದ ಸ್ಲ್ಯಾಬನ್ನು ಗೋಡೆಯಿಂದ ಆಚೆಗೆ ಸುತ್ತಲೂ ಚಾಚುವುದು. ನಮ್ಮ ಉದಾಹರಣೆಯಲ್ಲಿ 30 ಸೆಂ.ಮೀ. ಚಾಚಿದರೆ ಅದರ ಮೇಲೆ ಕೂರುವ ಮಣ್ಣು ಸೇರಿ ಸುಮಾರು 12 ಟನ್ ನೆರವು ಸಿಗುತ್ತದೆ. ಮೂರು, ತಳದಡಿ ಜಲ್ಲಿಯ ಹಾಸು, ಅದರಲ್ಲಿ ತೂತಿನ ಪೈಪು, ಪಕ್ಕದಲ್ಲೊಂದು ಸಂಪು ಮತ್ತು ಪಂಪು ಇಟ್ಟು ನೀರನ್ನು ಹೊರಹಾಕುವುದು. ನಾಲ್ಕು, ಕೊಳದ ಅತಿ ಆಳದ ಜಾಗದಲ್ಲಿ ಒತ್ತಡ ಇಳಿಸುವ ವಾಲ್ವ್ ಕೂರಿಸುವುದು. ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಾದರೆ ವಾಲ್ವ್ ತೆರೆದು ಅಂತರ್ಜಲವನ್ನು ಕೊಳಕ್ಕೇ ಬಿಟ್ಟುಕೊಳ್ಳುತ್ತದೆ. ಕೊಳ ಕೊಳೆಯಾಗುತ್ತದೆ, ಆದರೆ ಉಳಿಯುತ್ತದೆ. ವಾಲ್ವ್ ಕಸ ಕಟ್ಟಿಕೊಂಡು ಕೈಕೊಡಬಹುದು. ಆದ್ದರಿಂದ ಅದೊಂದನ್ನೇ ನಂಬದೆ ಎರಡು ದಾರಿಗಳನ್ನಾದರೂ ಜೊತೆಗೂಡಿಸಿ. ತೊಟ್ಟಿಯ ತೂಕ ಮತ್ತು ಚಾಚಿದ ಸ್ಲ್ಯಾಬಿನ ಮೇಲಿನ ಮಣ್ಣಿನ ಭಾರ ಸೇರಿ ಎತ್ತುವ ಬಲದ 1.2 ಪಟ್ಟಾದರೂ ಇರಲಿ.

ಮಣ್ಣನ್ನು ಕೇಳದೆ ಗುದ್ದಲಿ ಬೇಡ

ಪಕ್ಕದ ಬಡಾವಣೆಯಲ್ಲಿ ಗಟ್ಟಿಯಾಗಿ ನಿಂತ ಕೊಳದ ನಕ್ಷೆಯನ್ನು ನಿಮ್ಮ ನಿವೇಶನಕ್ಕೆ ತಂದರೆ ಕೆಲಸ ಕೆಡಬಹುದು. ಕೊಳದ ಜಾಗದಲ್ಲಿ ಎರಡು ಕಡೆಯಾದರೂ ಕೊರೆದು ಮಣ್ಣಿನ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಮಣ್ಣಿನ ಪದರಗಳು, ಭಾರ ಹೊರುವ ಶಕ್ತಿ, ಉಬ್ಬುವ ಗುಣ ಮತ್ತು ಮಳೆಗಾಲದ ನೀರಿನ ಮಟ್ಟ, ಈ ನಾಲ್ಕೂ ಇರಬೇಕು. ಬೇಸಿಗೆಯಲ್ಲಿ ಪರೀಕ್ಷೆ ಮಾಡಿಸಿದ್ದರೆ ಅಕ್ಕಪಕ್ಕದ ತೆರೆದ ಬಾವಿಗಳಲ್ಲಿ ಶ್ರಾವಣದ ಹೊತ್ತಿಗೆ ನೀರು ಎಲ್ಲಿಯವರೆಗೆ ಬರುತ್ತದೆಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ಬೆಂಗಳೂರು, ಮೈಸೂರು ಕಡೆಯ ಕೆಂಪು ಮಣ್ಣು ಕೊಳಕ್ಕೆ ಒಳ್ಳೆಯ ನೆಲ. ಆದರೂ ಎರಡು ತೊಡಕುಗಳಿವೆ. ತಳದ ಅರ್ಧ ಭಾಗದಲ್ಲಿ ಬಂಡೆ, ಇನ್ನರ್ಧದಲ್ಲಿ ಮಣ್ಣು ಸಿಕ್ಕರೆ ಮಣ್ಣಿನ ಕಡೆ ಕುಸಿದು ಸರಿಯಾಗಿ ನಡುವೆ ಬಿರುಕು ಬೀಳುತ್ತದೆ. ಬಂಡೆಯನ್ನು ಇನ್ನೂ ಸ್ವಲ್ಪ ಒಡೆದು, ಇಡೀ ತಳಕ್ಕೆ ಒಂದೇ ಬಗೆಯ ಹಾಸು ಮಾಡಿಕೊಳ್ಳಬೇಕು. ಎರಡನೆಯದು, ಹಳೆಯ ಕೆರೆಯಂಗಳ ಅಥವಾ ರಾಜಕಾಲುವೆಯ ಬದಿಯನ್ನು ತುಂಬಿಸಿ ಮಾಡಿದ ನಿವೇಶನಗಳು. ಊರಿನ ಕೊಳವೆಬಾವಿಗಳು ನೂರಾರು ಅಡಿ ಇಳಿದಿದ್ದರೂ ಇಂಥ ಕಡೆ ಮಳೆಗಾಲದಲ್ಲಿ ನಾಲ್ಕಡಿಯಲ್ಲೇ ನೀರು ನಿಂತಿರಬಹುದು. ಕೊಳವೆಬಾವಿಯ ಆಳವನ್ನು ನೋಡಿ ನಮ್ಮಲ್ಲಿ ಅಂತರ್ಜಲದ ಭಯವಿಲ್ಲ ಎಂದುಕೊಳ್ಳಬೇಡಿ.

ಉತ್ತರ ಕರ್ನಾಟಕದ ಎರೆ ಮಣ್ಣಿನದು ಬೇರೆಯೇ ಸ್ವಭಾವ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಕೊಳದಿಂದ ಸ್ವಲ್ಪ ನೀರು ಜಿನುಗಿದರೂ ಅಡಿಯ ಎರೆ ಉಬ್ಬಿ ತಳವನ್ನು ಮೇಲಕ್ಕೆ ಒತ್ತುತ್ತದೆ, ಅದರಿಂದ ಬಿರುಕು ದೊಡ್ಡದಾಗಿ ಇನ್ನಷ್ಟು ನೀರು ಜಿನುಗುತ್ತದೆ. ಇಲ್ಲಿ ತಳದಡಿಯ ಮತ್ತು ಗೋಡೆಯ ಹಿಂದಿನ ಎರೆಯನ್ನು ತೆಗೆದು ಉಬ್ಬದ ಮಣ್ಣನ್ನು ಪದರ ಪದರವಾಗಿ ಬಡಿದು ತುಂಬಬೇಕು. ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರದಿಂದ ಎರೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದವರು ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ವಿಧಾನ ಬಳಕೆಗೆ ಬಂದಿತು. ಬರೀ ಮರಳು ತುಂಬಿದರೆ ಸಾಲದು; ಮರಳು ನೀರನ್ನು ಹಿಡಿದು ಕೆಳಗಿನ ಎರೆಗೆ ಉಣಿಸುತ್ತದೆ.

ಕರಾವಳಿಯಲ್ಲಿ ಮೇಲೆ ಮುರಕಲ್ಲು ಗಟ್ಟಿಯಾಗಿ ಕಾಣುತ್ತದೆ. ಅದರಡಿಯ ಶೇಡಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ತಾಗಿದರೆ ಶಕ್ತಿ ಕಳೆದುಕೊಂಡು ಜಾರುತ್ತದೆ. ಮಂಗಳೂರಿನ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟುವುದರಿಂದ ಖಾಲಿ ಕೊಡದ ಲೆಕ್ಕ ಅತಿ ಮುಖ್ಯವಾಗುವುದೂ ಇಲ್ಲಿಯೇ.

ಕೊಡಗು, ಮಲೆನಾಡಿನ ಇಳಿಜಾರಿನಲ್ಲಿ ಹೋಂಸ್ಟೇಗಳಿಗೆ ಕೊಳ ಕಟ್ಟುವಾಗ ಗುಡ್ಡದ ಒಂದು ಕಡೆ ಕಡಿದು, ಆ ಮಣ್ಣನ್ನೇ ಇನ್ನೊಂದು ಕಡೆ ತುಂಬಿ ಮಟ್ಟ ಮಾಡುವುದು ರೂಢಿ. ಅರ್ಧ ಕೊಳ ಹಳೆಯ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತರೆ ಅದು ಬಿರುಕು ಬಿಡುತ್ತದೆ. ಬಿರುಕಿನಿಂದ ಗುಡ್ಡದೊಳಕ್ಕೆ ಇಳಿದ ನೀರು ಕೊಳದೊಂದಿಗೆ ಕೆಳಗಿನ ಮನೆಯನ್ನೂ ಅಪಾಯಕ್ಕೆ ನೂಕುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ನೆನೆದ ಇಳಿಜಾರು ಏನು ಮಾಡಬಲ್ಲದೆಂದು ಹೇಳಬೇಕಿಲ್ಲ. ಇಡೀ ಕೊಳ ಕಡಿದ ನೆಲದ ಮೇಲೆಯೇ ಕೂರಲಿ. ಆಗದಿದ್ದರೆ ಗಟ್ಟಿ ನೆಲ ಮುಟ್ಟುವ ಕಾಲಂಗಳ ಮೇಲೆ ನಿಲ್ಲಲಿ. ಮೇಲಿನಿಂದ ಬರುವ ಮಳೆನೀರನ್ನು ಚರಂಡಿ ತೆಗೆದು ಕೊಳದಿಂದ ದೂರ ಹರಿಸಿ. ಭೂತಾಂತ್ರಿಕ ತಜ್ಞರು ಇಳಿಜಾರನ್ನು ನೋಡದೆ ಇಂಥ ಕಡೆ ಕೆಲಸ ಶುರುಮಾಡಲೇಬೇಡಿ.

ಮನೆಯಿಂದ ಎಷ್ಟು ದೂರ?

ಮನೆಯ ಪಾಯದ ಭಾರ ನೇರವಾಗಿ ಕೆಳಗಿಳಿಯುವುದಿಲ್ಲ, ಅಗಲವಾಗಿ ಹರಡಿಕೊಂಡು ಇಳಿಯುತ್ತದೆ. ಆ ಹರವಿನೊಳಗೆ ಗುಂಡಿ ತೋಡಿದರೆ ಪಾಯದ ಆಸರೆ ಹೋಗುತ್ತದೆ. ಪಾಯದ ತಳಕ್ಕಿಂತ ಗುಂಡಿ ಒಂದು ಅಡಿ ಕೆಳಗಿಳಿದರೆ ಎರಡು ಅಡಿ ದೂರವಿರಲಿ ಎಂಬುದು ಒಳ್ಳೆಯ ಅಂದಾಜು. ಪಾಯ ನಾಲ್ಕಡಿ ಆಳ, ಗುಂಡಿ ಏಳಡಿ ಆಳವಿದ್ದರೆ ನಡುವೆ ಆರಡಿ ಬೇಕು. ನೆರೆಯವರ ಮನೆ ಮತ್ತು ಕಾಂಪೌಂಡಿಗೂ ಇದೇ ಲೆಕ್ಕ. ಜಾಗ ಸಾಲದಿದ್ದರೆ ಆಳ ಕಡಿಮೆ ಮಾಡಿ, ಇಲ್ಲವೇ ಆಸರೆ ಗೋಡೆಯ ವಿನ್ಯಾಸ ಮಾಡಿಸಿ. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲೇ ಗುಡ್ಡೆ ಹಾಕಬೇಡಿ. ಆ ಭಾರಕ್ಕೆ ಅಂಚು ಕುಸಿದರೆ ಒಳಗೆ ಕೆಲಸ ಮಾಡುವವರ ಜೀವಕ್ಕೆ ಅಪಾಯ. ದೀಪಾವಳಿ ಮುಗಿದ ಮೇಲೆ ಅಗೆತ ಶುರುಮಾಡಿ, ಮುಂಗಾರಿಗೆ ಮೊದಲು ಕೊಳದಲ್ಲಿ ನೀರು ನಿಲ್ಲುವಂತೆ ಕೆಲಸ ಹೊಂದಿಸಿಕೊಳ್ಳುವುದು ಉತ್ತಮ.

ಗೋಡೆಗೆ ಎರಡು ಕಡೆಯಿಂದ ಒತ್ತಡ

ನೀರಿನ ಒತ್ತಡ ಮೇಲೆ ಸೊನ್ನೆ, ತಳದಲ್ಲಿ ಅತಿ ಹೆಚ್ಚು. 1.4 ಮೀಟರ್ ಆಳಕ್ಕೆ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು ಒಂದು ಟನ್ ತಳ್ಳುವ ಬಲ ಬೀಳುತ್ತದೆ. ಆಳವನ್ನು ಒಂದೂವರೆ ಪಟ್ಟು ಮಾಡಿ 2.1 ಮೀಟರಿಗೆ ಒಯ್ದರೆ ಬಲ ಎರಡೂಕಾಲು ಪಟ್ಟಾಗುತ್ತದೆ. ಗೋಡೆಯನ್ನು ಬುಡದಲ್ಲಿ ಬಾಗಿಸುವ ಶಕ್ತಿ ಮೂರು ಪಟ್ಟನ್ನೂ ಮೀರುತ್ತದೆ. ಮನೆಯ ಕೊಳಕ್ಕೆ ಎದೆಮಟ್ಟದ ಆಳ ಸಾಕು ಎನ್ನುವುದಕ್ಕೆ ಮಕ್ಕಳ ಸುರಕ್ಷತೆಯ ಜೊತೆಗೆ ಇದೂ ಒಂದು ಕಾರಣ.

ಗೋಡೆ ಎರಡು ಸ್ಥಿತಿಗಳನ್ನು ಎದುರಿಸಬೇಕು. ಕೊಳ ತುಂಬಿದೆ, ಹೊರಗೆ ಮಣ್ಣು ಇನ್ನೂ ತುಂಬಿಲ್ಲ: ಗೋಡೆ ಹೊರಕ್ಕೆ ಬಾಗಲು ನೋಡುತ್ತದೆ. ಕೊಳ ಖಾಲಿ, ಹೊರಗೆ ನೆನೆದ ಮಣ್ಣು: ಗೋಡೆ ಒಳಕ್ಕೆ ಬಾಗಲು ನೋಡುತ್ತದೆ. ಹೊರಗಿನ ಮಣ್ಣು ಒಳಗಿನ ನೀರಿಗೆ ಆಸರೆ ಕೊಡುತ್ತದೆಂದು ಭಾವಿಸಿ ಕಬ್ಬಿಣ ಉಳಿಸಬಾರದು. ಕಂಬಿಯ ಜಾಲ ಗೋಡೆಯ ಎರಡೂ ಮುಖಗಳಲ್ಲಿ ಬೇಕು, ಗೋಡೆಯೂ ತಳವೂ ಸೇರುವ ಮೂಲೆಯಲ್ಲಿ ಕಂಬಿಗಳು ಒಂದರೊಳಗೊಂದು ಬಾಗಿ ಹೆಣೆದುಕೊಳ್ಳಬೇಕು. ಇಟ್ಟಿಗೆ, ಸೈಜುಗಲ್ಲು ಅಥವಾ ಬ್ಲಾಕಿನಿಂದ ಗೋಡೆ ಕಟ್ಟಿ ಒಳಗೆ ವಾಟರ್‌ಪ್ರೂಫಿಂಗ್ ಬಳಿದು ಕೊಡುತ್ತೇವೆ ಎನ್ನುವವರಿಗೆ ಕೆಲಸ ಕೊಡಬೇಡಿ. ಬಾಗುವ ಒತ್ತಡವನ್ನು ತಡೆಯುವ ಗುಣ ಅಂಥ ಗೋಡೆಗಿಲ್ಲ.

ಸಾಧಾರಣ ಮನೆಯ ಸ್ಲ್ಯಾಬಿಗೂ ನೀರು ಹಿಡಿಯುವ ತೊಟ್ಟಿಗೂ ವಿನ್ಯಾಸದ ಸಂಹಿತೆ ಬೇರೆ. ಮನೆಗೆ ಐಎಸ್ 456, ನೀರಿನ ತೊಟ್ಟಿಗೆ ಅದರ ಜೊತೆಗೆ ಐಎಸ್ 3370. ಬಿರುಕಿನ ಅಗಲ 0.2 ಮಿ.ಮೀ. ಮೀರಬಾರದೆಂಬುದು ಇದರ ತಿರುಳು. ಮುರಿಯದೆ ನಿಲ್ಲುವುದಕ್ಕೆ ಬೇಕಾದ ಕಬ್ಬಿಣಕ್ಕಿಂತ ಬಿರುಕು ಬಿಡದೆ ನಿಲ್ಲುವುದಕ್ಕೆ ಬೇಕಾದ ಕಬ್ಬಿಣ ಹೆಚ್ಚು. ನಕ್ಷೆ ಮಾಡಿಕೊಡುವ ಎಂಜಿನಿಯರನ್ನು ಐಎಸ್ 3370ರಂತೆ ಬಿರುಕಿನ ಲೆಕ್ಕ ಮಾಡಿದ್ದೀರಾ ಎಂದು ನೇರವಾಗಿ ಕೇಳಿ.

ಕಾಂಕ್ರೀಟ್ ಹಾಕುವ ದಿನ

ಕಾಂಕ್ರೀಟ್ ಎಂ30ಕ್ಕೆ ಕಡಿಮೆಯಿಲ್ಲದಿರಲಿ, ನೀರು-ಸಿಮೆಂಟಿನ ಅನುಪಾತ 0.45 ಮೀರದಿರಲಿ. ನಮ್ಮ ಉದಾಹರಣೆಯ ತಳಕ್ಕೆ ಸುಮಾರು ಏಳೂವರೆ ಘನ ಮೀಟರ್ ಬೇಕು. ಒಂದೇ ರೆಡಿಮಿಕ್ಸ್ ಲಾರಿಯಲ್ಲಿ ಮುಗಿಯದಿದ್ದರೆ ಎರಡನೆಯದು ತಡವಾಗದಂತೆ ಮೊದಲೇ ಗೊತ್ತುಮಾಡಿ. ತಳವನ್ನು ಒಂದೇ ಉಸಿರಿಗೆ ಹಾಕಿ ಮುಗಿಸಬೇಕು. ಸುಲಭವಾಗಿ ಹರಿಯಲಿ ಎಂದು ಲಾರಿಗೆ ಪೈಪು ಹಿಡಿದು ನೀರು ಬಿಡುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಹೆಚ್ಚಿನ ನೀರು ಆರಿಹೋದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ.

ಸೋರಿಕೆ ಹೆಚ್ಚಾಗಿ ಶುರುವಾಗುವುದು ಮೂರು ಜಾಗಗಳಲ್ಲಿ. ಮೊದಲನೆಯದು ತಳ ಮತ್ತು ಗೋಡೆ ಸೇರುವ ಜೋಡಣೆ. ತಳದೊಂದಿಗೇ ಗೋಡೆಯನ್ನು ಆರಿಂಚಿನಷ್ಟು ಎತ್ತರಕ್ಕೆ ಹಾಕಿ, ಅದರ ನಡುವೆ ವಾಟರ್‌ಸ್ಟಾಪ್ ಪಟ್ಟಿ ಕೂರಿಸಿ, ಉಳಿದ ಗೋಡೆಯನ್ನು ಅದರ ಮೇಲೆ ಏರಿಸಬೇಕು. ಎರಡನೆಯದು ಪೈಪು ತೂರುವ ಜಾಗ. ಒಳಹರಿವು, ಹೊರಹರಿವು, ದೀಪದ ಪೆಟ್ಟಿಗೆ ಎಲ್ಲವನ್ನೂ ಕಾಂಕ್ರೀಟಿಗೆ ಮೊದಲೇ ಸ್ಥಾನದಲ್ಲಿ ಕಟ್ಟಿರಬೇಕು. ಆಮೇಲೆ ಉಳಿ ಹಿಡಿದು ಗೋಡೆ ಕೊರೆಯುವ ಕೆಲಸ ಬೇಡ. ಮೂರನೆಯದು ವೈಬ್ರೇಟರ್ ಸರಿಯಾಗಿ ಆಡಿಸದೆ ಉಳಿದ ಜೇನುಗೂಡಿನಂಥ ಟೊಳ್ಳುಗಳು. ಸೆಂಟ್ರಿಂಗ್ ಬಿಚ್ಚಿದ ದಿನ ಎಂಜಿನಿಯರ್ ಬಂದು ನೋಡುವ ಮುನ್ನ ಯಾರೂ ಅದರ ಮೇಲೆ ಗಾರೆ ಮೆತ್ತಬಾರದು.

ಕಂಬಿಯ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆ ಉಳಿಯುವಂತೆ ಕವರ್ ಬ್ಲಾಕ್ ಇಡಿಸಿ. ಜಲ್ಲಿ ಚೂರು, ಟೈಲ್ಸ್ ತುಂಡು ಕೂಡದು. ಕೊಳದ ಕ್ಲೋರಿನ್ ನೀರು, ಕರಾವಳಿಯಾದರೆ ಉಪ್ಪುಗಾಳಿ, ಎರಡೂ ಕಬ್ಬಿಣಕ್ಕೆ ತುಕ್ಕು ತರುವಂಥವು. ಕಲಸುವ ಕೊಳವೆಬಾವಿ ನೀರನ್ನೂ ಪರೀಕ್ಷೆ ಮಾಡಿಸಿ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಕಂಬಿಯ ಜಾಲವನ್ನು, ಏಣಿ, ಕಟಕಟೆಯಂಥ ಲೋಹದ ಭಾಗಗಳನ್ನು ಒಟ್ಟಿಗೆ ಬೆಸೆದು ಅರ್ಥಿಂಗ್ ಮಾಡುವ ಕೆಲಸ ಕಾಂಕ್ರೀಟಿಗೆ ಮೊದಲೇ ಆಗಬೇಕು. ನೀರು ಹೊರಹೋಗುವ ತಳದ ಬಾಯಿಗಳು ಎರಡಿರಲಿ, ಅವುಗಳ ನಡುವೆ 90 ಸೆಂ.ಮೀ. ಆದರೂ ಅಂತರವಿರಲಿ. ಒಂದೇ ಬಾಯಿಯಿದ್ದರೆ ಪಂಪಿನ ಸೆಳೆತಕ್ಕೆ ಮಗುವಿನ ಮೈ ಅಂಟಿಕೊಳ್ಳುವ ಅಪಾಯವಿದೆ.

ಕ್ಯೂರಿಂಗ್ 14 ದಿನವಾದರೂ ತಪ್ಪದೆ ನಡೆಯಲಿ. ತಳಕ್ಕೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಗೋಡೆಗೆ ಗೋಣಿತಾಟು ಹೊದಿಸಿ ಒದ್ದೆ ಇಡಿ.

ಟೈಲ್ಸ್‌ಗೆ ಮೊದಲು ನೀರು

ಕಾಂಕ್ರೀಟ್ ಬಲಿತ ಮೇಲೆ, ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್‌ಗೆ ಮುನ್ನ, ಹೊರಗಿನ ಮಣ್ಣನ್ನೂ ತುಂಬುವ ಮುನ್ನ ಕೊಳವನ್ನು ನಿಧಾನವಾಗಿ ತುಂಬಿಸಿ. ಮೊದಲ ಏಳು ದಿನ ಕಾಂಕ್ರೀಟ್ ನೀರು ಹೀರಿಕೊಳ್ಳಲು ಬಿಡಿ. ಮುಂದಿನ ಏಳು ದಿನ ಪ್ರತಿದಿನ ಒಂದೇ ಹೊತ್ತಿಗೆ ಮಟ್ಟ ಗುರುತಿಸಿ, ಹೊರಮುಖದಲ್ಲಿ ಒದ್ದೆ ಕಲೆ ಹುಡುಕಿ. ಬಿಸಿಲಿಗೆ ಆರುವ ನೀರನ್ನು ಕಳೆದು ನೋಡಲು ಸುಲಭ ಉಪಾಯವಿದೆ. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು, ಅದರೊಳಗೂ ಕೊಳದ ಮಟ್ಟಕ್ಕೇ ನೀರು ತುಂಬಿ ಗೆರೆ ಎಳೆಯಿರಿ. ಬಕೆಟಿನಲ್ಲಿ ಇಳಿದಷ್ಟೇ ಕೊಳದಲ್ಲೂ ಇಳಿದರೆ ಅದು ಬಿಸಿಲಿನ ಪಾಲು. ಕೊಳದಲ್ಲಿ ಹೆಚ್ಚು ಇಳಿದರೆ ಸೋರಿಕೆ. ಟೈಲ್ಸ್ ಹಾಕಿದ ಮೇಲೆ ಸೋರುವ ಜಾಗ ಹುಡುಕುವುದು ಬಹಳ ಕಷ್ಟ, ಆದ್ದರಿಂದ ಈ ಎರಡು ವಾರಗಳನ್ನು ಯಾರ ಅವಸರಕ್ಕೂ ಬಿಟ್ಟುಕೊಡಬೇಡಿ. ಪರೀಕ್ಷೆ ಮುಗಿದ ಮೇಲೆ ಹೊರಗಿನ ಮಣ್ಣನ್ನು ಒಂದಡಿಗೂ ಕಡಿಮೆಯ ಪದರಗಳಲ್ಲಿ ಸುತ್ತಲೂ ಸಮನಾಗಿ ಬಡಿದು ತುಂಬಿ.

ತಾರಸಿಯ ಮೇಲೆ ಬೇಕೆಂದರೆ

ಓಡಾಡುವ ತಾರಸಿಗೆ ಐಎಸ್ 875 ಪ್ರಕಾರ ಹಿಡಿಯುವ ಚಲಭಾರ ಚದರ ಮೀಟರಿಗೆ ಸುಮಾರು 150 ಕಿಲೋ. 1.2 ಮೀಟರ್ ಆಳದ ನೀರು ಒಂದೇ ಚದರ ಮೀಟರಿಗೆ 1,200 ಕಿಲೋ, ಎಂಟು ಪಟ್ಟು. 6 ಮೀಟರ್ ಉದ್ದ, 3 ಮೀಟರ್ ಅಗಲದ ಚಿಕ್ಕ ಕೊಳವಾದರೂ ತೊಟ್ಟಿ, ನೀರು ಸೇರಿ 44 ಟನ್ ಆಸುಪಾಸು. ಅಂಬಾರಿ ಹೊರುವಂಥ ದಸರಾ ಆನೆಯ ತೂಕ ಐದು ಟನ್ನಿನ ಸುತ್ತಮುತ್ತ. ಅಂಥ ಎಂಟೊಂಬತ್ತು ಆನೆಗಳು ನಿಮ್ಮ ತಾರಸಿಯ ಮೇಲೆ ಹಗಲಿರುಳು ನಿಂತಂತೆ. ಕಟ್ಟಿ ಮುಗಿದ ಮನೆಗೆ ಇದನ್ನು ಸೇರಿಸುವ ಯೋಚನೆ ಬಿಡಿ. ಹೊಸ ಮನೆಯಾದರೆ ಪಾಯದ ಮೊದಲ ನಕ್ಷೆಯಲ್ಲೇ ಕೊಳ ಇರಬೇಕು. ಅದು ಸ್ಲ್ಯಾಬಿನ ನಡುವೆ ಕೂರದೆ ಕಾಲಂಗಳಿಂದ ಎದ್ದ ಬೀಮುಗಳ ಮೇಲೆ ಪ್ರತ್ಯೇಕ ತೊಟ್ಟಿಯಾಗಿ ನಿಲ್ಲಬೇಕು. ಅದರಡಿ ಬಗ್ಗಿ ನೋಡುವಷ್ಟು ಜಾಗ ಬಿಟ್ಟರೆ ಸೋರಿಕೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಕರಾರಿಗೆ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು

1. ಮಣ್ಣಿನ ಪರೀಕ್ಷೆಯ ವರದಿಯಲ್ಲಿ ಮಳೆಗಾಲದ ನೀರಿನ ಮಟ್ಟ ಇದೆಯೇ?
2. ಖಾಲಿ ಕೊಳ ತೇಲುವ ಲೆಕ್ಕವನ್ನು ಬರೆದು ಕೊಟ್ಟಿದ್ದಾರೆಯೇ?
3. ಗೋಡೆಯ ವಿನ್ಯಾಸದಲ್ಲಿ ತುಂಬಿದ ಮತ್ತು ಖಾಲಿ ಎರಡೂ ಸ್ಥಿತಿಗಳು ಸೇರಿವೆಯೇ?
4. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟಿಗೆ ಮೊದಲು ಎಂಜಿನಿಯರ್ ಬಂದು ಸಹಿ ಹಾಕುತ್ತಾರೆಯೇ?
5. ನೀರಿನ ಪರೀಕ್ಷೆ ಪಾಸಾದ ಮೇಲೆಯೇ ಮುಂದಿನ ಕಂತು ಎಂದು ಕರಾರಿನಲ್ಲಿದೆಯೇ?
6. ಸ್ಥಳೀಯ ಸಂಸ್ಥೆಗೆ ಕೊಡುವ ಮನೆಯ ನಕ್ಷೆಯಲ್ಲಿ ಕೊಳ ಸೇರಿದೆಯೇ?

ಖಾಲಿ ಮಾಡುವ ಮುನ್ನ

ಕೊಳ ಖಾಲಿಯಾಗುವ ಸಂದರ್ಭ ನಾವೆಣಿಸಿದ್ದಕ್ಕಿಂತ ಬೇಗ ಬರಬಹುದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನಮ್ಮ ಉದಾಹರಣೆಯ ಕೊಳದಲ್ಲಿ ದಿನಕ್ಕೆ 5 ಮಿ.ಮೀ. ಆರಿದರೂ 160 ಲೀಟರ್ ಹೋಗುತ್ತದೆ. ತಾರಸಿಯ ಮಳೆನೀರು ಹಿಡಿದಿಡುವ ಏರ್ಪಾಡು, ರಾತ್ರಿ ಕೊಳ ಮುಚ್ಚುವ ಹೊದಿಕೆ ಮೊದಲಿನಿಂದಲೇ ಇರಲಿ. ಬೇಸಿಗೆಯಲ್ಲಿ ನೀರಿಲ್ಲವೆಂದು ಖಾಲಿ ಬಿಟ್ಟ ಕೊಳಕ್ಕೆ ಜೂನ್‌ನಲ್ಲಿ ಸುತ್ತಲ ನೆಲ ನೆನೆಯತೊಡಗಿದಾಗ ಈ ಲೇಖನದ ಮೊದಲ ಲೆಕ್ಕವೇ ಎದುರಾಗುತ್ತದೆ. ಮೊದಲ ಮಳೆಗೇ ಕೊಳಕ್ಕೆ ನೀರು ಸೇರಿಸಿ. ಗಲೀಜಾದರೂ ಸರಿ, ತೂಕವಿರಲಿ.

ಕೊನೆಗೊಂದು ಚಿಕ್ಕ ಕೆಲಸ. ಪಂಪ್ ರೂಮಿನ ಗೋಡೆಗೆ ಒಂದು ಹಲಗೆ ಹಾಕಿಸಿ. ಕೊಳದ ಅಳತೆ, ವಾಲ್ವ್ ಇರುವ ಜಾಗ, ಸಂಪಿನ ಆಳ ಬರೆದು, ಅದರಡಿ ದೊಡ್ಡಕ್ಷರದಲ್ಲಿ ಹೀಗೆ ಬರೆಸಿ: ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ, ಮಾಡಲೇಬೇಕಾದರೆ ಸಂಪಿನ ನೀರು ನೋಡಿ, ಎಂಜಿನಿಯರನ್ನು ಕೇಳಿ. ಮನೆ ಕೈ ಬದಲಾಗಬಹುದು, ಕೊಳ ತೊಳೆಯುವ ಹುಡುಗರು ಪ್ರತಿ ವರ್ಷ ಬದಲಾಗುತ್ತಾರೆ. ಬಾವಿಯಿಂದ ನೀರು ಸೇದಿ ಗೊತ್ತಿಲ್ಲದವರಿಗೂ ಆ ಹಲಗೆ ಖಾಲಿ ಕೊಡದ ಮಾತನ್ನು ಹೇಳುತ್ತಿರಲಿ.